ಸ್ಕ್ಯಾನ್ ಯಂತ್ರ ಕಟ್ಟಿದವರ ಹೆಸರು ನಮ್ಮ ಮಕ್ಕಳಿಗೆ ಯಾಕೆ ಗೊತ್ತಿಲ್ಲ?

ಇವತ್ತು ಗೋಣಿಕೊಪ್ಪದ ಹತ್ತಿರ ಒಂದು ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಹೋಗಿದ್ದೆ. ಹುಡುಗಿಯೊಬ್ಬಳು ರಟ್ಟಿನಲ್ಲಿ ಸಿಟಿ ಸ್ಕ್ಯಾನ್ ಯಂತ್ರ ಮಾಡಿದ್ದಳು. ಎಷ್ಟು ಚೆನ್ನಾಗಿ ವಿವರಿಸಿದಳು! "ಇದನ್ನು ಕಂಡುಹಿಡಿದವರು ಯಾರಮ್ಮಾ?" ಅಂತ ಕೇಳಿದೆ. "ಕಂಪನಿಯವರು, ಸರ್" ಅಂದಳು. ಅವಳ ತಪ್ಪಲ್ಲ. ಯಾರೂ ಹೇಳಿಕೊಟ್ಟಿಲ್ಲ. ಆದರೆ ಆ್ಯಪ್ ಮಾಡಿ ಕೋಟಿ ಗಳಿಸಿದವರ ಹೆಸರನ್ನು ಅತಿಥಿಗಳು ವೇದಿಕೆ ಮೇಲೆ ಸಾಲಾಗಿ ಹೇಳಿದರು. ನನಗೆ ಸಿಟ್ಟು ಬಂದಿದ್ದು ಅದಕ್ಕೆ.

ಅಣ್ಣ ಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದದ್ದು ನಿಮಗೆಲ್ಲ ಗೊತ್ತು. ಹೊರಗೆ ಗಾಯವೇ ಇರಲಿಲ್ಲ. ತಲೆಯೊಳಗೆ ರಕ್ತ ನಿಂತಿದ್ದು ಕಂಡದ್ದು ಮೈಸೂರಿನಲ್ಲಿ ಸ್ಕ್ಯಾನ್ ಮಾಡಿಸಿದಾಗ. ಈ ವರ್ಷ ತೋಟದ ನೆರಳಿನ ಮರಗಳ ಕೊಂಬೆ ಕಡಿಯುವ ಮರಗಸಿಗೆ ಅವನೇ ಮುಂದೆ ನಿಂತಿದ್ದ. ಅವನನ್ನು ಉಳಿಸಿದವರ ಹೆಸರು ನನಗೆ ಸಣ್ಣ ವಿಷಯ ಅಲ್ಲ.

1971ರಲ್ಲಿ ಲಂಡನ್ನಿನಲ್ಲಿ ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ಅವರ ಯಂತ್ರ ಮೊದಲ ರೋಗಿಯ ಮಿದುಳನ್ನು ತೋರಿಸಿತು. 1979ರಲ್ಲಿ ಅವರಿಗೂ, ಇಂಥ ಸ್ಕ್ಯಾನಿನ ಹಿಂದಿನ ಗಣಿತ ಬಿಡಿಸಿದ ಅಲನ್ ಕಾರ್ಮ್ಯಾಕ್ ಅವರಿಗೂ ನೊಬೆಲ್ ಬಂತು. ಆದರೆ ಆ ಮೊದಲ ಯಂತ್ರದಲ್ಲಿ ತಲೆ ಮಾತ್ರ ನೋಡಬಹುದಿತ್ತು. ತಲೆಯ ಸುತ್ತ ನೀರಿನ ಚೀಲ ಬೇಕಿತ್ತು. ನೀರಿನ ಗೊಡವೆಯೇ ಇಲ್ಲದೆ ಎದೆ, ಹೊಟ್ಟೆ, ಇಡೀ ಮೈ ನೋಡುವ ಯಂತ್ರವನ್ನು 1974ರ ಹೊತ್ತಿಗೆ ಅಮೆರಿಕದ ಜಾರ್ಜ್‌ಟೌನ್ ವಿಶ್ವವಿದ್ಯಾಲಯದಲ್ಲಿ ಕಟ್ಟಿ ನಿಲ್ಲಿಸಿದವರು ರಾಬರ್ಟ್ ಲೆಡ್ಲಿ.

ಲೆಡ್ಲಿ ಹಲ್ಲಿನ ಡಾಕ್ಟರ್! ಜೊತೆಗೆ ಭೌತಶಾಸ್ತ್ರವನ್ನೂ ಓದಿದ್ದರು. ಸೈನ್ಯದಲ್ಲೂ ದಂತವೈದ್ಯರಾಗಿದ್ದರು. ಮನೆಮನೆಯಲ್ಲೂ ಮಿಲಿಟರಿ ಫೋಟೋ ಇರುವ ನಮ್ಮ ಕೊಡಗಿಗೆ ಇದನ್ನು ಹೇಳಲೇಬೇಕು. ಕಂಪ್ಯೂಟರ್ ಒಂದು ಕೋಣೆ ತುಂಬುತ್ತಿದ್ದ ಕಾಲ ಅದು. 1959ರಲ್ಲೇ ಅವರು ಲೀ ಲಸ್ಟೆಡ್ ಜೊತೆ 'ಸೈನ್ಸ್' ಪತ್ರಿಕೆಯಲ್ಲಿ ಬರೆದರು. ಲಕ್ಷಣ ನೋಡಿ ಕಾಯಿಲೆ ಗುರುತಿಸುವಾಗ ಡಾಕ್ಟರ ತಲೆಯಲ್ಲಿ ನಡೆಯುವುದನ್ನು ತರ್ಕವಾಗಿ, ಲೆಕ್ಕವಾಗಿ ಬಿಡಿಸಿ ತೋರಿಸಿದರು. ಆ ಲೆಕ್ಕಕ್ಕೆ ಕಂಪ್ಯೂಟರ್ ನೆರವಾಗುತ್ತದೆ ಅಂದರು. ಈಗ ಎಲ್ಲರ ಬಾಯಲ್ಲೂ ಎಐ. ಅಷ್ಟು ಹಿಂದೆ ಈ ದಾರಿ ಕಡಿದವರ ಹೆಸರು ಮಾತ್ರ ಯಾರ ಬಾಯಲ್ಲೂ ಇಲ್ಲ.

"ಅವರ ದೇಶದವರೇ 1997ರಲ್ಲಿ ರಾಷ್ಟ್ರೀಯ ತಂತ್ರಜ್ಞಾನ ಪದಕ ಕೊಟ್ಟಿದ್ದಾರಲ್ಲ, ನಮಗೇನು?" ಅಂತ ಗೆಳೆಯ ಕೇಳಿದ. ಪದಕ ಅವರು ಕೊಟ್ಟರೆ ನಮ್ಮ ಋಣ ತೀರುತ್ತದಾ? ಸ್ಕ್ಯಾನ್ ಕೋಣೆಯ ಹೊರಗೆ ರಾತ್ರಿ ಕೂತವರು ನಾವು ಅಲ್ವಾ? ಕಾರ್ಯಪ್ಪ, ತಿಮ್ಮಯ್ಯ ಅವರನ್ನು ತಲೆಮಾರು ದಾಟಿಸಿ ನೆನಪಿಟ್ಟುಕೊಂಡ ಊರು ನಮ್ಮದು. ನಮಗೆ ನೆನೆಯುವುದು ಗೊತ್ತು. ಜೀವ ಉಳಿಸುವ ಯಂತ್ರ ಕಟ್ಟಿದವರಿಗೂ ಆ ಸಾಲಿನಲ್ಲಿ ಜಾಗ ಕೊಡಬೇಕು.

ಲೆಡ್ಲಿ 2012ರಲ್ಲಿ ತೀರಿಕೊಂಡರು. ಜೂನ್ 28 ಅವರು ಹುಟ್ಟಿದ ದಿನ. ಮೇಷ್ಟ್ರುಗಳೇ, ಅವತ್ತು ಪ್ರಾರ್ಥನೆ ಮುಗಿದ ಮೇಲೆ ಐದು ನಿಮಿಷ ಅವರ ಕಥೆ ಹೇಳಿ. ಮಳೆಗೆ ರಜೆ ಕೊಟ್ಟರೆ ಶಾಲೆ ತೆರೆದ ದಿನ ಹೇಳಿ. ಚಾರ್ಟ್ ನಾನು ಬರೆಸಿಕೊಡುತ್ತೇನೆ. ಯಾವ ಶಾಲೆಗೆ ಬೇಕು ಅಂತ ಒಂದು ಫೋನ್ ಮಾಡಿ.