ಬಿಸಿ ನೀರಿಗೆ ಉಪ್ಪಲ್ಲ, ಸಕ್ಕರೆ ಹಾಕಿ ನೋಡಿ
ನಿಮ್ಮ ವಿಜ್ಞಾನ ಪ್ರಯೋಗಗಳ ಲೇಖನ ಓದಿದೆ. ಅದರ ಬೇರೆ ಪ್ರಯೋಗಗಳೆಲ್ಲ ಇಷ್ಟವಾದವು. ಆದರೆ ‘ನೀರು ಬಿಸಿ ಮಾಡಿದರೆ ಉಪ್ಪು ತುಂಬಾ ಜಾಸ್ತಿ ಕರಗುತ್ತದೆ’ ಎಂದಿದ್ದೀರಲ್ಲ, ಅದು ಸರಿಯಲ್ಲ. ಬೇಗ ಕರಗುತ್ತದೆ, ಅಷ್ಟೇ. 100 ಗ್ರಾಂ ನೀರಿನಲ್ಲಿ 25 ಡಿಗ್ರಿಗೆ ಸುಮಾರು 36 ಗ್ರಾಂ ಉಪ್ಪು ಕರಗಿದರೆ, ಕುದಿಯುವಾಗಲೂ 40 ಗ್ರಾಂ ದಾಟುವುದಿಲ್ಲ. ಸಕ್ಕರೆಯ ಕಥೆಯೇ ಬೇರೆ. ತಣ್ಣೀರಲ್ಲಿ 200 ಗ್ರಾಂ ಆಸುಪಾಸು ಇದ್ದದ್ದು ಕುದಿಯುವ ಹೊತ್ತಿಗೆ ಅದರ ಎರಡು ಪಟ್ಟಿಗೂ ಜಾಸ್ತಿಯಾಗುತ್ತದೆ.

ನಾನು ಏಳನೇ ತರಗತಿಯಲ್ಲಿ ಇದನ್ನು ಮಾಡಿಸಿದ್ದೇನೆ. ಮಕ್ಕಳು ಚಮಚ ಎಣಿಸುತ್ತಾ ಉಪ್ಪು ಹಾಕಿದರು. ಲೋಟದ ತಳದಲ್ಲಿ ಹರಳು ಕರಕರ ಅನ್ನತೊಡಗಿತು. ಒಲೆ ಮೇಲಿಟ್ಟು ಬಿಸಿ ಮಾಡಿದರೂ ಆ ಸದ್ದು ಹೋಗಲಿಲ್ಲ. ಒಬ್ಬಳು ಹುಡುಗಿ ಕೇಳಿಯೇಬಿಟ್ಟಳು, ‘ಟೀಚರ್, ಬಿಸಿ ಮಾಡಿದರೆ ಕರಗಬೇಕಿತ್ತು ಅಲ್ವಾ?’

ದಯವಿಟ್ಟು ಆ ಸಾಲು ತಿದ್ದಿ. ಎಷ್ಟೋ ಶಿಕ್ಷಕರು ಇಂಥ ಲೇಖನ ನೋಡಿಕೊಂಡೇ ಪಾಠಕ್ಕೆ ಹೋಗುತ್ತಾರೆ.