ಬಿದ್ದ ಸೇತುವೆಯ ಮೇಲೆ ಹೋಗುವ ಜಿಪಿಎಕ್ಸ್ ಫೈಲ್

ಮಂಗಳೂರು–ಕಾರವಾರ ಸೈಕಲ್ ದಾರಿಯ ಅದೇ ಹಳೇ ಜಿಪಿಎಕ್ಸ್ ಫೈಲ್ (ದಾರಿಯನ್ನು ಬಿಂದು ಬಿಂದುವಾಗಿ ಗುರುತಿಸಿ ಫೋನಿನ ನಕ್ಷೆಯ ಮೇಲೆ ಗೆರೆಯಾಗಿ ತೋರಿಸುವ ಫೈಲ್) ಮತ್ತೆ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇವತ್ತು ತೆರೆದು ನೋಡಿದೆ. ಕಾರವಾರದ ಹತ್ತಿರ, ಗೋವಾ ಕಡೆಯಿಂದ ದಕ್ಷಿಣಕ್ಕೆ ಬರುವ ಗೆರೆ ಇನ್ನೂ ಕಾಳಿ ನದಿಯ ಹಳೆ ಸೇತುವೆಯ ಮೇಲೇ ಇದೆ. ಆ ಸೇತುವೆ 2024ರ ಆಗಸ್ಟ್ 7ರ ನಸುಕಿನಲ್ಲಿ ಕುಸಿದು ಬಿದ್ದಿದೆ, ಲಾರಿಯೊಂದನ್ನೂ ನದಿಗೆ ಎಳೆದುಕೊಂಡು. ಫೈಲ್ ಕೆಳಗೆ ಸಾಲು ಸಾಲು ‘ಸೂಪರ್ ರೂಟ್’, ‘ಥ್ಯಾಂಕ್ಸ್ ಬ್ರೋ’. ಗೆರೆ ತಪ್ಪಿದೆ ಎಂದು ಒಬ್ಬರೂ ಬರೆದಿಲ್ಲ.

ಅಲ್ಲಿಗೆ ಹೋದವರು ಹೇಗೂ ಹೊಸ ಸೇತುವೆ ಹತ್ತುತ್ತಾರೆ, ಏನು ನಷ್ಟ ಎನ್ನಬಹುದು. ಸೇತುವೆಯ ಮಾತಾದರೆ ಕಣ್ಣಿಗೆ ಕಾಣುತ್ತದೆ, ಸರಿ. ಆದರೆ ಕಡಲ್ಕೊರೆತಕ್ಕೆ ಅರ್ಧ ಹೋದ ಮೀನುಗಾರಿಕಾ ರಸ್ತೆಗೆ, ನಿಂತುಹೋದ ದೋಣಿಗೆ, ಡಿವೈಡರ್ ನಡುವಿನ ಮುಚ್ಚಿಹೋದ ತೆರಪಿಗೆ ಯಾರೂ ಬೋರ್ಡ್ ಹಾಕುವುದಿಲ್ಲ. ಅದನ್ನು ಹೇಳಬೇಕಾದವರು ಅಲ್ಲಿ ಸೈಕಲ್ ತುಳಿದು ಬಂದವರೇ. ಅವರು ಹೇಳುವುದಿಲ್ಲ. ಹೇಳಿದರೂ ‘ಮಲ್ಪೆ ನಂತರ ರಸ್ತೆ ಸರಿಯಿಲ್ಲ’ ಎಂದು ಬರೆದು ಸುಮ್ಮನಾಗುತ್ತಾರೆ. ಈ ಸಾಲನ್ನು ಇಟ್ಟುಕೊಂಡು ಫೈಲ್ ತಿದ್ದುವವರು ಏನು ಮಾಡಬೇಕು? ಯಾವ ರಸ್ತೆ, ಯಾವ ತಿಂಗಳು, ಯಾವ ಸೈಕಲ್?

ಮಾಹಿತಿ ಅಂದರೆ ಹೀಗಿರಬೇಕು: ಹೂಡೆ ದಾಟಿ ಕೋಡಿ ಬೇಂಗ್ರೆ ಕಡೆಗೆ, ನವೆಂಬರ್ ಮೊದಲ ವಾರ, 28 ಎಂಎಂ ಟಯರ್, ಹಿಂದೆ 12 ಕೆ.ಜಿ. ಲಗೇಜು, ಇಂಥ ಕಿಲೋಮೀಟರಿನಿಂದ ಇಂಥಲ್ಲಿಯವರೆಗೆ ರಸ್ತೆ ಮೇಲೆ ಮರಳು, ಇಳಿದು ತಳ್ಳಬೇಕು. ಜೊತೆಗೆ ಒಂದು ಫೋಟೊ. ಟಯರ್ ಅಳತೆ ಯಾಕೆ ಕೇಳುತ್ತೇನೆಂದರೆ, ಮರಳಿನಲ್ಲಿ 28 ಎಂಎಂ ಹೂತುಕೊಂಡು ಮುಂದಿನ ಚಕ್ರ ಜಾರುತ್ತದೆ, ಗಾಳಿ ಸ್ವಲ್ಪ ಇಳಿಸಿದ 40 ಎಂಎಂ ಅದೇ ಜಾಗವನ್ನು ದಾಟಿಬಿಡುತ್ತದೆ. ಒಬ್ಬರಿಗೆ ‘ದರಿದ್ರ ರಸ್ತೆ’, ಇನ್ನೊಬ್ಬರಿಗೆ ‘ಸ್ವರ್ಗ’. ಇಬ್ಬರದೂ ನಿಜ. ಟಯರ್ ಹೇಳದಿದ್ದರೆ ಎರಡೂ ಪ್ರಯೋಜನಕ್ಕಿಲ್ಲ.

ದಿಕ್ಕು ಅದಕ್ಕಿಂತ ಮುಖ್ಯ. ಈ ಕರಾವಳಿಯ ರಾಷ್ಟ್ರೀಯ ಹೆದ್ದಾರಿ 66 ಈಗ ಬಹುಪಾಲು ನಡುವೆ ಡಿವೈಡರ್ ಇರುವ ಚತುಷ್ಪಥ. ಉತ್ತರಕ್ಕೆ ಹೋಗುವವರಿಗೆ ಕಡಲು ಎಡಕ್ಕೆ. ಕಾಪುವಿನಲ್ಲಿ ಎಡಕ್ಕೆ ತಿರುಗಿದರೆ ದೀಪಸ್ತಂಭ, ಮಟ್ಟು, ಪಡುಕೆರೆ, ಮಲ್ಪೆ ಎಂದು ನೀರಿನ ಪಕ್ಕದಲ್ಲೇ ಸಾಗಬಹುದು. ದಕ್ಷಿಣಕ್ಕೆ ಬರುವವರು ಅದೇ ದಾರಿಯಿಂದ ಹೆದ್ದಾರಿ ಸೇರಬೇಕಾದರೆ ಉತ್ತರದ ಎರಡು ಲೇನ್ ದಾಟಿ ಆಚೆ ಹೋಗಬೇಕು. ಉತ್ತರದ ಫೈಲನ್ನೇ ‘ರಿವರ್ಸ್’ ಒತ್ತಿ ಹಂಚಿದರೆ ಅದು ಸವಾರನನ್ನು ಎದುರು ಬರುವ ಲಾರಿಗಳ ಮುಂದೆ ನಿಲ್ಲಿಸುತ್ತದೆ. ಎರಡು ದಿಕ್ಕಿಗೆ ಎರಡು ಫೈಲ್ ಬೇಕೇ ಬೇಕು, ದಕ್ಷಿಣದ್ದರಲ್ಲಿ ಪ್ರತಿ ಅಂಡರ್‌ಪಾಸ್‌ಗೂ ಒಂದು ಗುರುತು ಇರಬೇಕು. ಇದನ್ನು ಎಷ್ಟು ಸಲ ಹೇಳುವುದು!

ಗಾಳಿಯ ಲೆಕ್ಕ ಇದಕ್ಕೆ ಉಲ್ಟಾ. ಚಳಿಗಾಲದ ಮಧ್ಯಾಹ್ನ ಕಡಲಿನಿಂದ ವಾಯವ್ಯದ ಗಾಳಿ ಏಳುತ್ತದೆ. ಕಾರವಾರದಿಂದ ದಕ್ಷಿಣಕ್ಕೆ ಬರುವವರಿಗೆ ಅದು ಬೆನ್ನಿಗೆ, ಉತ್ತರಕ್ಕೆ ಹೋಗುವವರಿಗೆ ಮುಖಕ್ಕೆ. ಉತ್ತರಕ್ಕೆ ಹೊರಟವರು ದಿನದ ಉದ್ದದ ತುಣುಕನ್ನು ಹನ್ನೊಂದರ ಒಳಗೆ ಮುಗಿಸಿಕೊಳ್ಳಬೇಕು. ಫೈಲಿನ ವಿವರಣೆಯಲ್ಲಿ ಇದಕ್ಕೆ ಒಂದೇ ಒಂದು ಸಾಲು ಸಾಕು.

ದೋಣಿಯ ಜಾಗಗಳನ್ನು ನೋಡಿದರಂತೂ ನನಗೆ ನಿಜಕ್ಕೂ ಬೇಜಾರಾಗುತ್ತದೆ. ಅಘನಾಶಿನಿ ಊರಿನಿಂದ ನದಿಯಾಚೆಯ ತದಡಿಗೆ ದೋಣಿಯಲ್ಲಿ ದಾಟಿದರೆ ಗೋಕರ್ಣ ಪಕ್ಕದಲ್ಲೇ. ಆದರೆ ದಾರಿ ಹಾಕುವ ಆ್ಯಪ್‌ಗಳು ನದಿ ಕಂಡ ಕೂಡಲೇ ಗೆರೆಯನ್ನು ಹತ್ತಿರದ ಸೇತುವೆಗೆ ಎಳೆಯುತ್ತವೆ. ಕುಮಟಾಕ್ಕೆ ವಾಪಸ್, ದಿವಗಿ, ಮಿರ್ಜಾನ, ಮಾದನಗೇರಿ ಸುತ್ತಿ ಗೋಕರ್ಣ. ಹಾಗಾಗಿ ಆ ತುಣುಕಿನಲ್ಲಿ ‘ರಸ್ತೆಗೆ ಅಂಟಿಸು’ ಆಯ್ಕೆ ಆಫ್ ಮಾಡಿ, ನೀರಿನ ಮೇಲೆ ನೇರ ಗೆರೆ ಕೈಯಾರೆ ಎಳೆಯಬೇಕು. ಎಳೆದು ಬಿಟ್ಟರೆ ಸಾಲದು. ಮೊದಲ ದೋಣಿ ಎಷ್ಟಕ್ಕೆ, ಕೊನೆಯದು ಎಷ್ಟಕ್ಕೆ, ಬ್ಯಾಗ್ ಬಿಚ್ಚದೆ ಸೈಕಲ್ ಹತ್ತಿಸಬಹುದೇ, ಇಳಿತದ ಹೊತ್ತಿನಲ್ಲಿ ಕೆಸರು ತುಳಿಯಬೇಕೇ, ಮಳೆಗಾಲದಲ್ಲಿ ದೋಣಿ ಇರುತ್ತದೆಯೇ, ಇಷ್ಟೂ ಆ ಗುರುತಿನ ಕೆಳಗೆ ದಿನಾಂಕದ ಸಮೇತ ಇರಬೇಕು. ಕೋಡಿ ಬೇಂಗ್ರೆಯಿಂದ ಹಂಗಾರಕಟ್ಟೆಗೆ ದಾಟುವ ಜಾಗಕ್ಕೂ ಇದೇ ಮಾತು. ಅಲ್ಲಿ ದೋಣಿ ತಪ್ಪಿದವರು ಹೂಡೆ, ಕೆಮ್ಮಣ್ಣು, ಸಂತೆಕಟ್ಟೆ ಎಂದು ಹಿಂದೆ ಬಂದು ಬ್ರಹ್ಮಾವರದ ದಾರಿ ಹಿಡಿಯಬೇಕು. ಕತ್ತಲಾಗುವ ಹೊತ್ತಿಗೆ ಆ ನಡುಗಡ್ಡೆಯಂಥ ತುದಿಯಲ್ಲಿ ನಿಂತು ಬದಲಿ ದಾರಿ ಹುಡುಕುವ ಗತಿ ಯಾರಿಗೂ ಬರಬಾರದು. ಬದಲಿ ಗೆರೆ ಫೈಲಿನಲ್ಲಿ ಮೊದಲೇ ಇರಲಿ.

‘ಗೂಗಲ್ ಮ್ಯಾಪ್ ಇದೆಯಲ್ಲ’ ಅನ್ನುವವರಿಗೆ: ಅದರ ದ್ವಿಚಕ್ರ ದಾರಿ ಎಂಜಿನ್ ಇರುವ ಗಾಡಿಯದ್ದು. 700ಸಿ ಅಳತೆಯ (ರೋಡ್ ಸೈಕಲ್ ಚಕ್ರದ) ಟ್ಯೂಬು ಕುಂದಾಪುರದಿಂದ ಮುಂದೆ ಸಣ್ಣ ಊರುಗಳ ಅಂಗಡಿಯಲ್ಲಿ ಸಿಗುವುದು ಕಷ್ಟ, ಮಂಗಳೂರು ಅಥವಾ ಉಡುಪಿಯಲ್ಲೇ ಎರಡು ಹೆಚ್ಚಿಗೆ ತಗೊಳ್ಳಿ ಎಂದು ಅದು ಹೇಳುವುದಿಲ್ಲ.

ಇನ್ನು ಫೈಲ್ ತಿದ್ದುವವರ ಪಾಲು. ಹತ್ತು ಜನ ಹೇಳಿದ ಹತ್ತು ಒಳದಾರಿಗಳನ್ನೂ ಮುಖ್ಯ ಗೆರೆಗೆ ಸೇರಿಸಬೇಡಿ. ಸೇರಿಸಿದರೆ ದಿನಕ್ಕೆ 90 ಕಿ.ಮೀ. ಎಂದು ಹೊರಟವರು 120 ತುಳಿಯುತ್ತಾರೆ. ಇಬ್ಬರು ಬೇರೆ ಬೇರೆ ಸವಾರರು, ಬೇರೆ ಬೇರೆ ತಿಂಗಳಲ್ಲಿ ಹೋಗಿ ಸರಿ ಎಂದ ಮೇಲೆ ಮುಖ್ಯ ಗೆರೆ. ಅಲ್ಲಿಯವರೆಗೆ ಬೇರೆ ಬಣ್ಣದ ಪರ್ಯಾಯ. ಫೈಲ್ ಸಣ್ಣದಾಗಲಿ ಎಂದು ಬಿಂದುಗಳನ್ನು ಕತ್ತರಿಸಲೂ ಬೇಡಿ, ತೆಂಗಿನ ತೋಟದ ಓಣಿಗಳಲ್ಲಿ ಗೆರೆ ಯಾರದೋ ಮನೆಯಂಗಳಕ್ಕೆ ನುಗ್ಗುತ್ತದೆ.

ಮತ್ತು ದಯವಿಟ್ಟು ಫೈಲನ್ನೇ ಫಾರ್ವರ್ಡ್ ಮಾಡಬೇಡಿ, ಲಿಂಕ್ ಕೊಡಿ. ಫಾರ್ವರ್ಡ್ ಆದ ಪ್ರತಿ ನಕಲು ಅದೇ ದಿನಕ್ಕೆ ನಿಂತುಬಿಡುತ್ತದೆ, ಆಮೇಲೆ ಮೂಲದಲ್ಲಿ ಏನು ತಿದ್ದಿದರೂ ಅದಕ್ಕೆ ತಲುಪುವುದಿಲ್ಲ. ಹೆಸರಿನಲ್ಲೇ ದಿಕ್ಕು, ತಿಂಗಳು, ವರ್ಷ ಇರಲಿ. ಮೂರೂ ಇಲ್ಲದ ಫೈಲ್ ಬಂದರೆ, ಕಳಿಸಿದವರನ್ನು ಅಲ್ಲೇ ಕೇಳಿ: ಇದು ಯಾವಾಗಿನದು?