ಕಝೋರ್ಲಾಗೆ ವಾಪಸ್ ಹೋಗೋಕೆ ಒಂದು ಕ್ಲಬ್ ಇತ್ತು

ದೋಹಾದಲ್ಲಿರುವ ನಮ್ಮಂಥ ಕನ್ನಡಿಗರ ಮಾತು ಎಲ್ಲಿಂದ ಶುರುವಾದರೂ ಕೊನೆಗೆ ಬಂದು ನಿಲ್ಲುವುದು ಒಂದೇ ಕಡೆ. ಊರಿಗೆ ವಾಪಸ್ ಯಾವಾಗ? ಸೈಟ್ ತಗೊಂಡಾಯ್ತು, ಮನೆ ಕಟ್ಟಿಸಿಯಾಯ್ತು, ಮಗಳ ಓದೊಂದು ಮುಗಿದುಬಿಡಲಿ, ಇನ್ನೆರಡು ವರ್ಷ. ಹೋಗಿ ಏನು ಮಾಡ್ತೀರಿ ಅಂತ ಕೇಳಿದರೆ ಮಾತ್ರ ಹೆಚ್ಚಿನವರು ಸುಮ್ಮನಾಗುತ್ತಾರೆ.

ಸ್ಪೇನಿನ ಫುಟ್‌ಬಾಲ್ ಆಟಗಾರ ಸಾಂಟಿ ಕಝೋರ್ಲಾ ಕೂಡ ಇದೇ ದೋಹಾದಲ್ಲಿ ಇದ್ದವನು. 2020ರಿಂದ 2023ರವರೆಗೆ ಅಲ್ ಸದ್ ತಂಡಕ್ಕೆ ಆಡಿದ. ಶುರುವಿನಲ್ಲಿ ಸ್ಪೇನ್ ತಂಡದ ಅವನ ಹಳೇ ಜೊತೆಗಾರ ಶಾವಿಯೇ ಕೋಚ್. ಇಲ್ಲಿನ ಲೀಗ್ ಪಂದ್ಯಗಳಿಗೆ ಜನ ಕಡಿಮೆ, ಹಾಗಾಗಿ ಮುಂದಿನ ಸಾಲಿನಲ್ಲೇ ಕೂತು ನೋಡಬಹುದು. ನಾನೂ ನೋಡಿದ್ದೇನೆ. ಬಲಗಡೆ ಕಾರ್ನರ್ ಸಿಕ್ಕರೆ ಒಂದು ಕಾಲು, ಎಡಗಡೆ ಸಿಕ್ಕರೆ ಇನ್ನೊಂದು ಕಾಲು. ಎರಡರಲ್ಲೂ ಚೆಂಡು ಹೋಗಿ ಬೀಳುವುದು ಅಳತೆ ಮಾಡಿಟ್ಟ ಹಾಗೆ. ನನ್ನ ಪಕ್ಕ ಕೂತಿದ್ದ ಮಲಪ್ಪುರಂ ಹುಡುಗ ಇವನದು ಯಾವ ಕಾಲು ಅಂತ ಕೇಳಿದ. ನನಗೂ ಗೊತ್ತಾಗಲಿಲ್ಲ. ಎದುರು ನಿಂತ ಡಿಫೆಂಡರಿಗೂ ಗೊತ್ತಾಗಲ್ಲ, ಇವನ ಆಟದ ಗುಟ್ಟೇ ಅದು. ಐದೂವರೆ ಅಡಿಯ ಆಸಾಮಿ. ಮೈಯಲ್ಲಿ ಬಲ ಹೇಳಿಕೊಳ್ಳುವಂಥದ್ದಲ್ಲ, ಓಟವೂ ಅಷ್ಟಕ್ಕಷ್ಟೆ. ಆದರೆ ಯಾವ ಕಡೆ ತಿರುಗುತ್ತಾನೆ ಅಂತ ಯಾರಿಗೂ ಹೇಳೋಕಾಗಲ್ಲ.

ಇವನ ಊರು ಉತ್ತರ ಸ್ಪೇನಿನ ಅಸ್ತೂರಿಯಾಸ್ ಸೀಮೆಯಲ್ಲಿ, ಒವಿಯೆಡೊ ನಗರದ ಪಕ್ಕದಲ್ಲೇ. ಚಿಕ್ಕಂದಿನಿಂದ ಆಡಿ ಬೆಳೆದದ್ದು ರಿಯಲ್ ಒವಿಯೆಡೊ ಕ್ಲಬ್ಬಿನಲ್ಲಿ. ಆದರೆ 2003ರಲ್ಲಿ ಆ ಕ್ಲಬ್ ದಿವಾಳಿಯ ಅಂಚಿಗೆ ಬಂತು. ಆಟಗಾರರಿಗೆ ಸಂಬಳ ಕೊಡದ ತಪ್ಪಿಗೆ ನಾಲ್ಕನೇ ದರ್ಜೆಗೆ ತಳ್ಳಿಸಿಕೊಂಡಿತು. ಹದಿನೆಂಟರ ಹುಡುಗ ಕಝೋರ್ಲಾ ಒವಿಯೆಡೊದ ದೊಡ್ಡವರ ತಂಡಕ್ಕೆ ಒಂದು ಪಂದ್ಯವನ್ನೂ ಆಡದೆ ಸ್ಪೇನಿನದೇ ಇನ್ನೊಂದು ಕ್ಲಬ್ ವಿಯಾರಿಯಲ್ ಸೇರಿದ. ಮುಂದಿನದು ಫುಟ್‌ಬಾಲ್ ನೋಡುವವರಿಗೆಲ್ಲ ಗೊತ್ತು. ರೆಕ್ರಿಯಾಟಿವೊದಲ್ಲಿ ಒಂದು ಸೀಸನ್, ಮತ್ತೆ ವಿಯಾರಿಯಲ್, 2008 ಮತ್ತು 2012ರಲ್ಲಿ ಸ್ಪೇನ್ ಜೊತೆ ಯುರೋ ಕಪ್. ನಡುವೆ ಮಾಲಗಾದಲ್ಲಿ ಒಂದು ವರ್ಷ. ಆ ಕ್ಲಬ್ಬಿನ ಮಾಲೀಕ ಕತಾರಿನ ಶೇಖ್. ತಂಡ ಚಾಂಪಿಯನ್ಸ್ ಲೀಗಿಗೆ ಅರ್ಹತೆ ಪಡೆದ ಬೇಸಿಗೆಯಲ್ಲೇ ಕ್ಲಬ್ ದುಡ್ಡಿನ ಇಕ್ಕಟ್ಟಿಗೆ ಸಿಕ್ಕಿ ಇವನನ್ನು ಇಂಗ್ಲೆಂಡಿನ ಆರ್ಸೆನಲ್‌ಗೆ ಮಾರಿತು. 2014ರ ಎಫ್‌ಎ ಕಪ್ ಫೈನಲ್‌ನಲ್ಲಿ ಹಲ್ ಸಿಟಿ ಎದುರು ಆರ್ಸೆನಲ್ 2–0 ಹಿಂದೆ ಬಿದ್ದಿತ್ತು. ಆಗ ಫ್ರೀ ಕಿಕ್‌ನಿಂದ ಮೊದಲ ಗೋಲು ಹೊಡೆದು ಜೀವ ತುಂಬಿದವನು ಇವನೇ. ಕೊನೆಗೆ 3–2ರಿಂದ ಗೆದ್ದರು.

ಆಮೇಲೆ ಕಾಲು ಕೈಕೊಟ್ಟಿತು. 2016ರ ಅಕ್ಟೋಬರ್‌ನಲ್ಲಿ ಆರ್ಸೆನಲ್ ಪರ ಆಡಿದ ಪಂದ್ಯವೇ ಅಲ್ಲಿ ಅವನ ಕೊನೆಯದು. ಹಿಮ್ಮಡಿಯ ಗಾಯಕ್ಕೆ ಸೋಂಕು ತಗುಲಿ ಕೊಳೆಯಿತು. ಹಿಮ್ಮಡಿಯ ಸ್ನಾಯುರಜ್ಜು (ಟೆಂಡನ್) ಸುಮಾರು 8 ಸೆಂಟಿಮೀಟರ್ ತಿಂದುಹೋಗಿತ್ತು. ಮಗನ ಜೊತೆ ಮನೆ ಮುಂದಿನ ತೋಟದಲ್ಲಿ ನಡೆದಾಡೋಕೆ ಆದರೆ ಅದೇ ದೊಡ್ಡದು ಅಂದಿದ್ದರಂತೆ ಡಾಕ್ಟರು. ಆಪರೇಷನ್ ಮೇಲೆ ಆಪರೇಷನ್. ಎಡಗೈ ಚರ್ಮ ತೆಗೆದು ಹಿಮ್ಮಡಿಗೆ ಹಚ್ಚಿದರು. ಆ ಚರ್ಮದ ಮೇಲೆ ಮಗಳ ಹೆಸರಿನ ಹಚ್ಚೆ ಇತ್ತು. ಅರ್ಧ ಕೈಯಲ್ಲಿ ಉಳಿಯಿತು, ಅರ್ಧ ಕಾಲಿಗೆ ಹೋಯಿತು. ಅಂದಹಾಗೆ ಮಗಳ ಹೆಸರು ಇಂಡಿಯಾ. 2018ರಲ್ಲಿ ವಿಯಾರಿಯಲ್ ಮತ್ತೆ ಕರೆಸಿಕೊಂಡಿತು. ಮರುವರ್ಷ ಜನವರಿಯಲ್ಲಿ ರಿಯಲ್ ಮ್ಯಾಡ್ರಿಡ್ ಎದುರು ಎರಡು ಗೋಲು ಹೊಡೆದ. ಅದರಲ್ಲೊಂದು ಹೆಡರ್! ಈ ಎತ್ತರದವನು ಮ್ಯಾಡ್ರಿಡ್ ಎದುರು ತಲೆಯಿಂದ ಗೋಲು ಹೊಡೆದಿದ್ದನ್ನು ನೆನೆದರೆ ನನಗೆ ಈಗಲೂ ನಗು ಬರುತ್ತದೆ.

ಇಷ್ಟೆಲ್ಲ ಆಗಿ, ದೋಹಾದ ಸಂಪಾದನೆಯೂ ಮುಗಿದ ಮೇಲೆ, 38ನೇ ವಯಸ್ಸಿನಲ್ಲಿ ಒವಿಯೆಡೊಗೆ ಹೋದ. ತಂಡ ಆಗ ಎರಡನೇ ದರ್ಜೆಯಲ್ಲಿತ್ತು. ಬಿಟ್ಟಿ ಆಡ್ತೀನಿ ಅಂದ, ನಿಯಮ ಒಪ್ಪಲಿಲ್ಲ. ಹಾಗಾದರೆ ನಿಯಮದಲ್ಲಿರುವ ಕನಿಷ್ಠ ಸಂಬಳ ಸಾಕು ಅಂದ. ತನ್ನ ಹೆಸರಿನ ಜೆರ್ಸಿ ಮಾರಿ ಬಂದ ದುಡ್ಡಲ್ಲಿ ಶೇಕಡಾ 10 ಕ್ಲಬ್ಬಿನ ಎಳೆಯ ಹುಡುಗರ ತಂಡಗಳಿಗೆ ಹೋಗಬೇಕು ಅಂತ ಕೇಳಿಕೊಂಡ. 2025ರ ಜೂನ್‌ನಲ್ಲಿ ಮಿರಾಂಡೆಸ್ ಎದುರಿನ, ಮೇಲಿನ ದರ್ಜೆಗೆ ಹತ್ತಲು ಆಡುವ ಪ್ಲೇಆಫ್ ಫೈನಲ್‌ನಲ್ಲಿ ಪೆನಾಲ್ಟಿ ಗೋಲು ಹೊಡೆದಾಗ ಅವನಿಗೆ 40. ಆ ರಾತ್ರಿ ಒವಿಯೆಡೊ 24 ವರ್ಷದ ನಂತರ ಸ್ಪೇನಿನ ಮೊದಲ ದರ್ಜೆಯಾದ ಲಾ ಲಿಗಾಕ್ಕೆ ಹತ್ತಿತು.

ಇದನ್ನು ಓದಿದವರೆಲ್ಲ ಎಂಥಾ ಮನುಷ್ಯ ಅಂತ ಅವನನ್ನು ಹೊಗಳುತ್ತಾರೆ. ಹೊಗಳಲಿ. ಆದರೆ ನನ್ನ ಕಣ್ಣಿಗೆ ಬೀಳುವುದು ಅವನಿಗಿಂತ ಜಾಸ್ತಿ ಆ ಊರು. ಹೋಗೋಕೆ ಅಲ್ಲೊಂದು ಕ್ಲಬ್ ಉಳಿದಿತ್ತಲ್ಲ, ಅದು ಹೇಗೆ ಉಳಿಯಿತು? 2003ರಲ್ಲಿ ನಗರಸಭೆಯೇ ಬೇರೊಂದು ಕ್ಲಬ್ಬಿನ ಬೆನ್ನಿಗೆ ನಿಂತಿತ್ತು. ಜನ ಅದರ ಕಡೆ ತಿರುಗಿಯೂ ನೋಡಲಿಲ್ಲ. ನಾಲ್ಕನೇ ದರ್ಜೆಯಲ್ಲಿದ್ದ ತಮ್ಮ ನೀಲಿ ಅಂಗಿಯವರನ್ನೇ ನೋಡೋಕೆ ಹೋದರು. 2012ರಲ್ಲಿ ಮತ್ತೆ ಮುಚ್ಚುವ ಹಂತ ಬಂದಾಗ ಕ್ಲಬ್ ಷೇರು ಮಾರಾಟಕ್ಕಿಟ್ಟಿತು. ಒಂದಕ್ಕೆ 10.75 ಯುರೋ. ಹತ್ತಾರು ದೇಶಗಳ ಸಾವಿರಾರು ಜನ ಕೊಂಡರು. ಆ ಕ್ಲಬ್ಬಿನಲ್ಲೇ ಆಡಿ ಬೆಳೆದ ಆಟಗಾರರಾದ ಕಝೋರ್ಲಾ, ಮಾತಾ, ಮಿಚು ಕೊಂಡರು. ಕೊನೆಗೆ ಮೆಕ್ಸಿಕೋದ ಭಾರೀ ಶ್ರೀಮಂತ ಉದ್ಯಮಿ ಕಾರ್ಲೋಸ್ ಸ್ಲಿಮ್ ದೊಡ್ಡ ಮೊತ್ತ ಹಾಕಿದ.

ಹಾಗಂತ ಸ್ಪೇನ್ ಸ್ವರ್ಗ ಅಲ್ಲ. 1990ರ ಕ್ರೀಡಾ ಕಾನೂನು ನಾಲ್ಕು ಕ್ಲಬ್ ಬಿಟ್ಟು ಉಳಿದ ದೊಡ್ಡ ಕ್ಲಬ್ಬುಗಳನ್ನೆಲ್ಲ ಕಂಪನಿ ಮಾಡಿತು. ಹಲವು ಮುಳುಗಿದವು. ಒವಿಯೆಡೊ ಕೂಡ ಈಗ ಮೆಕ್ಸಿಕೋದ ಪಚುಕಾ ಗ್ರೂಪಿನ ಕೈಯಲ್ಲಿದೆ. ಹತ್ತು ಯುರೋದ ಷೇರುದಾರನ ಮಾತು ಅಲ್ಲಿ ಎಷ್ಟು ನಡೆಯುತ್ತೆ ಅನ್ನೋದು ನಮಗೆ ತಿಳಿಯದ್ದೇನಲ್ಲ. ಆದರೂ ಮಾಲೀಕ ಬದಲಾದಾಗ ತಂಡ ಮಾಯ ಆಗಲಿಲ್ಲ.

ನಮ್ಮಲ್ಲಿ ನೋಡಿ. ನಾನು ಬೆಳೆದದ್ದು ಕೆ.ಆರ್. ಪುರದ ಕಡೆ. 1977ರಲ್ಲಿ ದೇಶದ ಕ್ಲಬ್ಬುಗಳ ಮೊಟ್ಟಮೊದಲ ಫೆಡರೇಷನ್ ಕಪ್ ಗೆದ್ದದ್ದು ನಮ್ಮ ದೂರವಾಣಿನಗರದ ಐಟಿಐ, ಅಂದರೆ ಟೆಲಿಫೋನ್ ಮಾಡುತ್ತಿದ್ದ ಸರ್ಕಾರಿ ಕಂಪನಿಯ ತಂಡ. ಅದೂ ಮೋಹನ್ ಬಗಾನ್ ತಂಡವನ್ನು ಸೋಲಿಸಿ! ಈ ಮಾತು ಹೇಳಿದರೆ ಇಲ್ಲಿನ ಬಂಗಾಳಿ ಗೆಳೆಯರು ನಂಬೋದೇ ಇಲ್ಲ. ಆದರೆ ಅದು ಕಂಪನಿಯ ತಂಡ. ಕಂಪನಿ ಸೊರಗಿತು, ತಂಡವೂ ಸೊರಗಿತು. ದೇಶದ ಕ್ಲಬ್ಬುಗಳ ಐ-ಲೀಗ್ ಆಡಿದ ಎಚ್‌ಎಎಲ್ ಕೂಡ ಹಾಗೇ ಮರೆಗೆ ಸರಿಯಿತು. ಅದಕ್ಕೂ ಮೊದಲು ಬೆಂಗಳೂರಿನ ಕೆಂಪಯ್ಯ, ಅರುಮೈನಾಯಗಂ ಅಂಥ ಆಟಗಾರರು ಹೆಸರು ಮಾಡಿದ್ದು ಕಲ್ಕತ್ತಾಕ್ಕೆ ಹೋಗಿ. ಕೆಂಪಯ್ಯ 1956ರಲ್ಲಿ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ ಪಡೆದ ತಂಡದವರು. ಅವರಿಗೆ ನಲವತ್ತರಲ್ಲಿ ವಾಪಸ್ ಬಂದು ಆಡೋಣ ಅನ್ನಿಸಿದ್ದರೆ, ಊರಿನದು ಅನ್ನುವ ತಂಡ ಯಾವುದಿತ್ತು?

2013ರಲ್ಲಿ ಬೆಂಗಳೂರು ಎಫ್‌ಸಿ ಬಂದಾಗ ಇದೇ ಇರಬಹುದು ಅಂತ ಆಸೆಯಾಗಿತ್ತು. 2016ರ ಎಎಫ್‌ಸಿ ಕಪ್ ಫೈನಲ್ ಆಡೋಕೆ ಅವರು ದೋಹಾಕ್ಕೇ ಬಂದರು. ಇರಾಕಿನ ತಂಡದ ಎದುರು 1–0ಯಿಂದ ಸೋತರು, ಆದರೂ ಇಲ್ಲಿನ ಕನ್ನಡಿಗರಿಗೆ ಅದೊಂದು ಹಬ್ಬ. ಆದರೆ 2025ರ ಆಗಸ್ಟ್ ನೋಡಿ. ಇಂಡಿಯನ್ ಸೂಪರ್ ಲೀಗ್ ನಡೆಯುತ್ತೋ ಇಲ್ಲವೋ ಅನ್ನುವ ಗೊಂದಲದಲ್ಲಿ ಬೆಂಗಳೂರು ಎಫ್‌ಸಿ ಆಟಗಾರರ ಸಂಬಳ ನಿಲ್ಲಿಸಿತು. ಅದೇ ತಿಂಗಳು ಒವಿಯೆಡೊದಲ್ಲಿ ರಿಯಲ್ ಮ್ಯಾಡ್ರಿಡ್ ಬಂದು 3–0ಯಿಂದ ಗೆದ್ದು ಹೋಯಿತು. ಲಾ ಲಿಗಾದಲ್ಲಿ ಮ್ಯಾಡ್ರಿಡ್ ಕೈಲಿ ಸೋಲುವ ಭಾಗ್ಯಕ್ಕೆ ಆ ಊರು 24 ವರ್ಷ ಕಾದಿತ್ತು.

ನಮ್ಮಲ್ಲೂ ಕ್ಲಬ್ಬಿನ ಒಂದು ಪಾಲನ್ನು ಜನರಿಗೆ ಮಾರಲಿ ಅಂತ ನನ್ನ ವಾದ. ಸಾವಿರ ರೂಪಾಯಿಗೊಂದು ಷೇರು. ಐಪಿಎಲ್ ಟಿಕೆಟ್ಟಿಗೆ ಇದಕ್ಕಿಂತ ಜಾಸ್ತಿ ಸುರಿಯುವವರು ನಾವು. ಮೊನ್ನೆ ಉಳ್ಳಾಲದ ಗೆಳೆಯರೊಬ್ಬರಿಗೆ ಇದನ್ನೇ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ಡಿವಿಡೆಂಡ್ ಎಷ್ಟು ಬರ್ತದೆ ಮಾರಾಯ್ರೇ?" ಅಂದರು. ಒಂದು ಪೈಸೆಯೂ ಇಲ್ಲ ಅಂದೆ. "ಹಾಗಾದ್ರೆ ನನ್ನ ಹೆಸರಲ್ಲಿ ಒಂದೇ ಸಾಕು" ಅಂದರು.